ಆನೆಯಿರವು ಬಿತ್ತು, ಜಾಫ್ನಾ ಯಾಕೆ ಬೀಳಲಿಲ್ಲ?

ಪ್ರಶ್ನೆ: ನಮ್ಮ ತಂದೆ 1988ರಲ್ಲಿ ಭಾರತೀಯ ಶಾಂತಿಪಾಲನಾ ಪಡೆಯ ಜೊತೆ ಶ್ರೀಲಂಕಾದಲ್ಲಿದ್ದರು. ‘ಎಲಿಫೆಂಟ್ ಪಾಸ್ ಯಾರ ಕೈಯಲ್ಲಿದೆಯೋ ಜಾಫ್ನಾ ಅವರದ್ದು’ ಎಂದು ಆಗಾಗ ಹೇಳುತ್ತಿದ್ದರು. ಹಾಗಿದ್ದರೆ 2000ದ ಏಪ್ರಿಲ್‌ನಲ್ಲಿ ಎಲ್‌ಟಿಟಿಇ ಅದನ್ನು ಹಿಡಿದ ಮೇಲೂ ಜಾಫ್ನಾ ಯಾಕೆ ಸಿಗಲಿಲ್ಲ? ಅಷ್ಟು ದೊಡ್ಡ ಸೇನಾ ನೆಲೆ ಬಿದ್ದದ್ದಾದರೂ ಹೇಗೆ? ಆಮೇಲೆ ಸರ್ಕಾರಿ ಸೇನೆ ತಿರುಗಿಬಿದ್ದಾಗ ಅದನ್ನು ವಾಪಸ್ ಪಡೆಯಲು ಯಾಕೆ ಆಗಲಿಲ್ಲ? ಈಗ ಅಲ್ಲಿಗೆ ಹೋಗಿ ನೋಡಬಹುದೇ? (ಹಾಸನದ ಓದುಗರೊಬ್ಬರು)

ಉತ್ತರ: ನಿಮ್ಮ ತಂದೆಯವರ ಮಾತನ್ನು ಆ ಕಾಲದ ಸೈನಿಕರು, ಪತ್ರಕರ್ತರು, ಕೊಲಂಬೊದ ರಾಜಕಾರಣಿಗಳು ಎಲ್ಲರೂ ಆಡುತ್ತಿದ್ದರು. ನಾನೂ ಬಹಳ ವರ್ಷ ಅದನ್ನೇ ನಂಬಿದ್ದೆ. ಆದರೆ ಒಮ್ಮೆ ಇಸವಿಗಳನ್ನು ಜೋಡಿಸಿ ನೋಡಿ. 1990ರಿಂದ 1995ರವರೆಗೆ ಎಲಿಫೆಂಟ್ ಪಾಸ್ ಸರ್ಕಾರಿ ಸೇನೆಯ ಕೈಯಲ್ಲಿತ್ತು, ಜಾಫ್ನಾ ಹುಲಿಗಳ, ಎಂದರೆ ಪ್ರತ್ಯೇಕ ತಮಿಳು ರಾಷ್ಟ್ರಕ್ಕಾಗಿ ಕಾದಾಡುತ್ತಿದ್ದ ಎಲ್‌ಟಿಟಿಇಯ, ಕೈಯಲ್ಲಿತ್ತು. 2000ದಿಂದ 2009ರವರೆಗೆ ಎಲಿಫೆಂಟ್ ಪಾಸ್ ಹುಲಿಗಳದ್ದು, ಜಾಫ್ನಾ ಸೇನೆಯದ್ದು. ಎರಡೂ ಒಬ್ಬರ ಕೈಯಲ್ಲೇ ಇದ್ದದ್ದು ನಡುವಿನ ನಾಲ್ಕೂವರೆ ವರ್ಷ ಮಾತ್ರ. 1995ರ ಡಿಸೆಂಬರ್‌ನಲ್ಲಿ ಸೇನೆ ಜಾಫ್ನಾ ಪಟ್ಟಣವನ್ನು ಹಿಡಿದಾಗಲೂ ಎಲಿಫೆಂಟ್ ಪಾಸ್ ಕಡೆಯಿಂದ ಬರಲಿಲ್ಲ. ಉತ್ತರದ ಪಲಾಲಿ ವಿಮಾನ ನೆಲೆಯಿಂದ ಕೆಳಕ್ಕೆ ಇಳಿದು ಬಂತು.

ಅಂದರೆ ಆ ಜಾಗ ಜಾಫ್ನಾದ ಬೀಗದ ಕೈ ಅಲ್ಲ. ಮನೆಯ ಮುಂಬಾಗಿಲಿನ ಚಿಲಕ ಅಷ್ಟೇ. ಚಿಲಕ ಯಾರ ಕೈಯಲ್ಲಿದ್ದರೂ ಹಿತ್ತಿಲ ಬಾಗಿಲು, ಎಂದರೆ ಸಮುದ್ರ, ತೆರೆದೇ ಇತ್ತು. ನಿಮ್ಮ ಮೊದಲ ಮೂರು ಪ್ರಶ್ನೆಗೂ ಉತ್ತರ ಇದರೊಳಗೇ ಇದೆ. ಅದನ್ನು ಬಿಡಿಸಿ ಹೇಳಬೇಕಾದರೆ ನೆಲದಿಂದ ಶುರುಮಾಡಬೇಕು.

ಮೊದಲು ಹೆಸರು. ಎಲಿಫೆಂಟ್ ಪಾಸ್ ತಮಿಳಿನಲ್ಲಿ ‘ಆನೈಯಿರವು’, ನಮ್ಮ ಬಾಯಿಗೆ ಆನೆಯಿರವು. ವನ್ನಿ ಕಾಡಿನಲ್ಲಿ ಹಿಡಿದ ಆನೆಗಳನ್ನು ಹಡಗಿಗೆ ಹತ್ತಿಸಲು ಜಾಫ್ನಾಕ್ಕೆ ದಾಟಿಸುತ್ತಿದ್ದ ಜಾಗ. ಡಚ್ಚರ ಕಾಲದಲ್ಲೇ ಅಲ್ಲಿ ಕಾವಲು ಕೋಟೆ ಇತ್ತು. ಜಾಫ್ನಾ ಪರ್ಯಾಯದ್ವೀಪವನ್ನು ಲಂಕೆಯ ಮುಖ್ಯ ನೆಲಕ್ಕೆ ಅಂಟಿಸಿರುವುದು ಇಲ್ಲಿನ ಸಪೂರ ಕುತ್ತಿಗೆ. ಎರಡೂ ಪಕ್ಕ ಮೊಣಕಾಲುದ್ದದ ಉಪ್ಪು ಹಿನ್ನೀರು, ಬೇಸಿಗೆಯಲ್ಲಿ ಬಿಳಿಚಿಕೊಳ್ಳುವ ಉಪ್ಪಿನ ಬಯಲು. ನಡುವೆ ಕ್ಯಾಂಡಿಯಿಂದ ಜಾಫ್ನಾಕ್ಕೆ ಹೋಗುವ ಎ-9 ಹೆದ್ದಾರಿ ಮತ್ತು ರೈಲುದಾರಿ. ಇಲ್ಲಿಂದ ಜಾಫ್ನಾ ಪಟ್ಟಣಕ್ಕೆ ಸುಮಾರು 50 ಕಿಲೋಮೀಟರ್.

ಊರ ಹೆಸರುಗಳನ್ನು ಗಮನಿಸಿ, ಕನ್ನಡಿಗರಿಗೆ ಇದು ಬೇಗ ಹೊಳೆಯುತ್ತದೆ. ಕುತ್ತಿಗೆಯ ದಕ್ಷಿಣಕ್ಕೆ ವನ್ನಿಯಲ್ಲಿ ಮಾಂಕುಳಂ, ಪುಳಿಯಂಕುಳಂ, ಕನಕರಾಯನ್‌ಕುಳಂ. ‘ಕುಳಂ’ ಎಂದರೆ ಕೆರೆ. ಪುಳಿಯಂಕುಳಂ ನಮ್ಮ ಹುಣಸೆಕೆರೆ. ಕಾಡು, ಕೆರೆ, ಗದ್ದೆಯ ನಾಡು ಅದು. ಕುತ್ತಿಗೆ ದಾಟಿ ಉತ್ತರಕ್ಕೆ ಹೋದರೆ ಸುಣ್ಣಕಲ್ಲಿನ ನೆಲ. ಹೊಳೆ ಇಲ್ಲ, ಬದುಕು ನಿಂತಿರುವುದು ಬಾವಿಯ ಮೇಲೆ. ಮಳೆನೀರು ಕಲ್ಲಿನೊಳಗೆ ಇಳಿದು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಬಾವಿ ಸಿಹಿಯಾಗಿರುವ ಕಡೆ ಊರು, ಉಪ್ಪಾದ ಕಡೆ ಬಯಲು. ಆನೆಯಿರವು ಇರುವುದು ಬಯಲಿನಲ್ಲಿ. ಅಲ್ಲಿಗೆ ಹತ್ತಿರದ ಸಿಹಿನೀರಿನ ಬಾವಿಗಳು ಇದ್ದದ್ದು ಉತ್ತರಕ್ಕಿರುವ ಇಯಕ್ಕಚ್ಚಿಯಲ್ಲಿ. ಈ ಊರಿನ ಹೆಸರನ್ನು ನೆನಪಿಟ್ಟುಕೊಳ್ಳಿ.

1991ರ ಜುಲೈಯಲ್ಲಿ ಹುಲಿಗಳು ಈ ನೆಲೆಯ ಮೇಲೆ ಮೊದಲ ಬಾರಿಗೆ ನೇರವಾಗಿ ನುಗ್ಗಿದರು. ಬುಲ್ಡೋಜರ್‌ಗೆ ಉಕ್ಕಿನ ತಗಡು ಹೊದಿಸಿ ಟ್ಯಾಂಕಿನಂತೆ ಓಡಿಸಿಕೊಂಡು ಬಂದರು. ಕಾರ್ಪೊರಲ್ ಗಾಮಿನಿ ಕುಲರತ್ನೆ ಎಂಬ ಸೈನಿಕ ಗ್ರೆನೇಡ್ ಹಿಡಿದು ಅದರ ಮೇಲೆ ಹತ್ತಿ, ಅದನ್ನು ನಿಲ್ಲಿಸಿ ತಾನೂ ಸತ್ತ. ಪೂರ್ವ ಕರಾವಳಿಯ ವೆಟ್ರಿಲೈಕ್ಕೇಣಿಯಲ್ಲಿ ಸೇನೆ ಸಮುದ್ರದಿಂದ ಇಳಿದು, ವಾರಗಟ್ಟಲೆ ಕಾದಾಡಿ ನೆಲೆಯನ್ನು ಉಳಿಸಿಕೊಂಡಿತು. (ಹೆಸರಿನಲ್ಲಿ ಮತ್ತೆ ನೀರೇ: ವೆಟ್ರಿಲೈ ಎಂದರೆ ವೀಳ್ಯದೆಲೆ, ಕೇಣಿ ಎಂದರೆ ಬಾವಿ.) ಆ ಕದನದಿಂದ ಎರಡೂ ಕಡೆಯವರು ಪಾಠ ಕಲಿತರು. ಸೇನೆ ಕಲಿತದ್ದು ‘ಈ ನೆಲೆ ಬೀಳುವುದಿಲ್ಲ’ ಎಂದು. ಹುಲಿಗಳು ಕಲಿತದ್ದು ‘ಈ ನೆಲೆಗೆ ಎದುರಿನಿಂದ ಹೋಗಬಾರದು’ ಎಂದು. ಎರಡನೆಯದು ಹೆಚ್ಚು ಉಪಯೋಗಕ್ಕೆ ಬರುವ ಪಾಠ.

ಇನ್ನು 1999ಕ್ಕೆ ಬರೋಣ. ಅದಕ್ಕೂ ಮುಂಚೆ ಸೇನೆಯ ‘ಜಯಸಿಕುರು’ ಕಾರ್ಯಾಚರಣೆಯ ಬಗ್ಗೆ ನಾಲ್ಕು ಮಾತು. ಜಾಫ್ನಾ ಕೈಗೆ ಬಂದ ಮೇಲೆ ಕೊಲಂಬೊಕ್ಕೆ ದೊಡ್ಡ ತಲೆನೋವು ಅಲ್ಲಿಗೆ ಸಾಮಾನು ಸಾಗಿಸುವುದು. ಎಲ್ಲವೂ ಹಡಗು, ಇಲ್ಲವೇ ವಿಮಾನ. ಎ-9 ಹೆದ್ದಾರಿಯನ್ನು ತೆರೆದುಬಿಟ್ಟರೆ ತೊಂದರೆಯೇ ಮುಗಿಯಿತು ಎಂದು 1997ರ ಮೇ 13ರಂದು ವನ್ನಿಯ ದಕ್ಷಿಣ ತುದಿಯ ವವುನಿಯಾದಿಂದ ಉತ್ತರಕ್ಕೆ ಹೊರಟರು. ಹತ್ತೊಂಬತ್ತು ತಿಂಗಳು ಹೊಡೆದಾಡಿ ಮಾಂಕುಳಂವರೆಗೆ ತಲುಪಿದರು. ಅಷ್ಟರಲ್ಲಿ, 1998ರ ಸೆಪ್ಟೆಂಬರ್ ಕೊನೆಯಲ್ಲಿ, ಎದುರು ತುದಿಯ ಕಿಳಿನೊಚ್ಚಿಯನ್ನೇ ಹುಲಿಗಳು ಕಿತ್ತುಕೊಂಡರು. ಸೇನೆಗೆ ಉಳಿದದ್ದು ಕಾಡಿನ ನಡುವೆ ಉದ್ದಕ್ಕೆ ಚಾಚಿದ ಒಂದು ರಸ್ತೆ, ಅದರ ಎರಡೂ ಮಗ್ಗುಲಿಗೆ ಕಂದಕಗಳ ಸಾಲು, ಆ ಸಾಲಿನಲ್ಲಿ ದೂರದೂರಕ್ಕೆ ಕುಳಿತ ಹುಡುಗರು. ನಕಾಶೆಯಲ್ಲಿ ಅದು ಗೆಲುವಿನಂತೆ ಕಾಣುತ್ತಿತ್ತು. ಅಲ್ಲಿ ಕುಳಿತವನಿಗೆ ಹಗ್ಗದ ಮೇಲಿನ ನಡಿಗೆ.

1999ರ ನವೆಂಬರ್ 2ರಂದು ಹುಲಿಗಳು ಹೊಡೆದದ್ದು ಆ ಹಗ್ಗದ ಮಗ್ಗುಲಿಗೆ. ದಾಳಿಗೆ ಅವರು ಇಟ್ಟ ಹೆಸರು ‘ಓಯಾದ ಅಲೈಗಳ್-3’, ಎಂದರೆ ನಿಲ್ಲದ ಅಲೆಗಳು, ಮೂರನೆಯದು. (ಮೊದಲನೆಯದು 1996ರ ಜುಲೈಯಲ್ಲಿ ಮುಲ್ಲೈತೀವು ನೆಲೆಯನ್ನು ನುಂಗಿತ್ತು. ಅಲ್ಲಿ ಸಾವಿರಕ್ಕೂ ಹೆಚ್ಚು ಸೈನಿಕರು ಸತ್ತಿದ್ದರು. ಎರಡನೆಯದು ಕಿಳಿನೊಚ್ಚಿ.) ಒಡ್ಡುಸುಟ್ಟಾನ್ ಮೊದಲು ಬಿತ್ತು, ನಂತರ ನೆಡುಂಕೇಣಿ, ಮಾಂಕುಳಂ, ಕನಕರಾಯನ್‌ಕುಳಂ, ಪುಳಿಯಂಕುಳಂ. ಹತ್ತೊಂಬತ್ತು ತಿಂಗಳಲ್ಲಿ ಗೆದ್ದದ್ದು ಒಂದು ವಾರದಲ್ಲಿ ಹೋಯಿತು. ಸೇನೆ ವವುನಿಯಾದ ಹೊಸ್ತಿಲಿಗೆ ಬಂದು ನಿಂತಿತು.

ಇಲ್ಲೊಂದು ತಪ್ಪು ಕಲ್ಪನೆ ಸರಿಮಾಡಬೇಕು. ಹುಲಿಗಳ ಸಂಖ್ಯೆ ದೊಡ್ಡದಿತ್ತು ಅಂತ ಅಲ್ಲ. ಒಟ್ಟು ಲೆಕ್ಕದಲ್ಲಿ ಸೇನೆಯೇ ಎಷ್ಟೋ ಪಟ್ಟು ದೊಡ್ಡದು. ಆದರೆ ಕಾಯುವವನು ಎಲ್ಲ ಕಡೆ ಕಾಯಬೇಕು, ಹೊಡೆಯುವವನು ಒಂದು ಕಡೆ ಹೊಡೆದರೆ ಸಾಕು. ಆ ಒಂದು ಕಡೆ, ಆ ಒಂದು ರಾತ್ರಿ, ಸಂಖ್ಯೆ ಹುಲಿಗಳ ಪರವಾಗಿಯೇ ಇರುತ್ತಿತ್ತು. ಮುಲ್ಲೈತೀವಿನಲ್ಲಿ ಕಸಿದುಕೊಂಡ ಫಿರಂಗಿಗಳೂ ಅವರ ಬಳಿ ಇದ್ದವು. ಮೊದಲ ಸಾಲು ಒಡೆದ ಮೇಲೆ ಹಿಂದಿನ ಸಾಲಿನವರು ಕಾದಾಡಲಿಲ್ಲ, ಓಡಿದರು. ಇದು ಹೇಡಿತನ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹಿಂದಿನ ರಸ್ತೆ ಮುಚ್ಚಿತು ಎಂದು ಗೊತ್ತಾದ ಮೇಲೆ ಕಾಡಿನ ನಡುವಿನ ಕಂದಕದಲ್ಲಿ ಕುಳಿತಿರಲು ಯಾರಿಗೂ ಕಾರಣ ಉಳಿಯುವುದಿಲ್ಲ.

ಈಗ ಆನೆಯಿರವಿಗೆ. ಡಿಸೆಂಬರ್‌ನಿಂದಲೇ ಹುಲಿಗಳು ನೆಲೆಯ ದಕ್ಷಿಣದ ಮತ್ತು ಪೂರ್ವ ಕರಾವಳಿಯ ಹೊರಠಾಣೆಗಳನ್ನು ಒಂದೊಂದಾಗಿ ಕಡಿಯತೊಡಗಿದರು. ಅದೇ ತಿಂಗಳ 18ರಂದು ಕೊಲಂಬೊದ ಚುನಾವಣಾ ಸಭೆಯಲ್ಲಿ ಆತ್ಮಾಹುತಿ ಬಾಂಬ್ ಸಿಡಿದು ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡರು. ಮೂರು ದಿನದ ನಂತರದ ಚುನಾವಣೆಯಲ್ಲಿ ಗೆದ್ದರು. ದೇಶದ ಗಮನವೆಲ್ಲ ಅತ್ತ ಇದ್ದಾಗ ಉತ್ತರದಲ್ಲಿ ಕುಣಿಕೆ ಬಿಗಿಯುತ್ತಿತ್ತು.

2000ದ ಮಾರ್ಚ್ 26ರ ರಾತ್ರಿ ನಡೆದದ್ದು ಈ ಇಡೀ ಯುದ್ಧದ ಅತ್ಯಂತ ಚತುರ ನಡೆ. ಮಾಡಿದವರ ಮೇಲೆ ನಮಗೆ ಎಷ್ಟೇ ಸಿಟ್ಟಿದ್ದರೂ ಒಪ್ಪಬೇಕು. ಹುಲಿಗಳ ದಳಪತಿ ಬಾಲರಾಜ್ ಸುಮಾರು 1,200 ಜನರನ್ನು ಕರೆದುಕೊಂಡು ಕಡಲ್ಗಾವಲನ್ನು ಸೀಳಿ ದೋಣಿಗಳಲ್ಲಿ ಪೂರ್ವ ತೀರದ ಕುಡಾರಪ್ಪುವಿನಲ್ಲಿ ಇಳಿದ. ಅದು ಆನೆಯಿರವಿನ ದಕ್ಷಿಣ ಅಲ್ಲ, ಉತ್ತರ. ಸೇನೆಯ ಬೆನ್ನ ಹಿಂದೆ. ಅಲ್ಲಿಂದ ನೀರು, ಕೆಸರು ತುಳಿದು ಒಳನಾಡಿಗೆ ನಡೆದು, ಪಳ್ಳೈ ಹತ್ತಿರದ ಇತ್ತಾವಿಲ್ ಎಂಬಲ್ಲಿ ಎ-9 ಹೆದ್ದಾರಿಯ ಮೇಲೆ ಅಡ್ಡ ಕುಳಿತುಬಿಟ್ಟ. ಸೇನೆ ಟ್ಯಾಂಕು ತಂದಿತು, ಫಿರಂಗಿ ಸುರಿಯಿತು, ಮತ್ತೆ ಮತ್ತೆ ನುಗ್ಗಿತು. ಸುತ್ತ ಶತ್ರುವೇ ಇದ್ದರೂ ಒಂದು ತಿಂಗಳಿಗೂ ಮೀರಿ ಆ ಗುಂಪು ರಸ್ತೆ ಬಿಡಲಿಲ್ಲ. ಆನೆಯಿರವಿಗೆ ಹೋಗುವ ಸಾಮಾನು ಪಶ್ಚಿಮದ ಕಿಳಾಲಿ ದಂಡೆಯ ಮರಳುದಾರಿ ಹಿಡಿಯಬೇಕಾಯಿತು.

ಕೊನೆಗೆ ಏಪ್ರಿಲ್‌ನ ಮೂರನೇ ವಾರ ಹುಲಿಗಳು ತಿರುಗಿದ್ದು ಆನೆಯಿರವಿನ ಕಡೆಗಲ್ಲ, ಇಯಕ್ಕಚ್ಚಿಯ ಬಾವಿಗಳ ಕಡೆಗೆ.

ಇಲ್ಲಿ ಒಂದು ಲೆಕ್ಕ ಹಾಕೋಣ. ನೆಲೆಯಲ್ಲಿ ಮತ್ತು ಅದರ ಸುತ್ತ ಹತ್ತು ಸಾವಿರಕ್ಕೂ ಹೆಚ್ಚು ಸೈನಿಕರಿದ್ದರು. ಏಪ್ರಿಲ್ ಬಿಸಿಲು, ನೆರಳಿಲ್ಲದ ಉಪ್ಪಿನ ಬಯಲು. ಕುಡಿಯಲು ಮಾತ್ರ ತಲೆಗೆ ಐದು ಲೀಟರ್ ಎಂದಿಟ್ಟುಕೊಂಡರೂ ದಿನಕ್ಕೆ 50,000 ಲೀಟರ್. ಬೆಂಗಳೂರಿನ ಅಪಾರ್ಟ್‌ಮೆಂಟಿಗೆ ಬರುವ ಐದು ಸಾವಿರ ಲೀಟರಿನ ಟ್ಯಾಂಕರ್ ಗೊತ್ತಲ್ಲ, ಅಂಥವು ಹತ್ತು, ಪ್ರತಿದಿನ, ಫಿರಂಗಿ ಗುಂಡಿನ ನಡುವೆ. ಅಡುಗೆಗೆ, ಗಾಯ ತೊಳೆಯಲು, ಬಿಸಿಯಾದ ಎಂಜಿನ್ನಿಗೆ ಬೇಕಾದದ್ದು ಬೇರೆ. ಗುಂಡು, ಮದ್ದು, ಬಿಸ್ಕತ್ತು ತಿಂಗಳುಗಟ್ಟಲೆ ಕೂಡಿಡಬಹುದು. ನೀರು ಹಾಗಲ್ಲ. ಬಾವಿ ಹೋದ ದಿನವೇ ನೆಲೆಯೂ ಹೋಯಿತು. ಕಾಂಕ್ರೀಟು, ಮುಳ್ಳುತಂತಿ, ನೆಲಬಾಂಬು ಎಲ್ಲ ಇದ್ದ ಹಾಗೇ ಇದ್ದವು.

ಏಪ್ರಿಲ್ 22ರಂದು ಸೇನೆ ಆನೆಯಿರವನ್ನು ಬಿಟ್ಟು ಕಿಳಾಲಿ ದಂಡೆಯ ಕಡೆಯಿಂದ ಹಿಂದೆ ಸರಿಯಿತು. ಆ ನಡಿಗೆಯಲ್ಲಿ ಗುಂಡಿಗೆ ಸಿಕ್ಕಿ ಸತ್ತವರ ಜೊತೆಗೆ ಬಾಯಾರಿಕೆಯಿಂದ, ಬಿಸಿಲ ಹೊಡೆತದಿಂದ ಬಿದ್ದವರೂ ಇದ್ದರು. ನೆಲೆಯ ಉಪ ದಳಪತಿ ಬ್ರಿಗೇಡಿಯರ್ ಪರ್ಸಿ ಫರ್ನಾಂಡೊ ಹಿಂದೆ ಸರಿಯುವ ತಮ್ಮವರ ಜೊತೆಯಲ್ಲೇ ಪ್ರಾಣ ಬಿಟ್ಟರು. 152 ಮಿ.ಮೀ. ಫಿರಂಗಿಗಳೂ ಸೇರಿ ಬೇಕಾದಷ್ಟು ಮದ್ದುಗುಂಡು ಹುಲಿಗಳ ಪಾಲಾಯಿತು. ಈ ಫಿರಂಗಿಗಳ ವಿಷಯ ಮುಂದೆ ಬರುತ್ತದೆ.

ಹಾಗಿದ್ದರೆ ಜಾಫ್ನಾ ಯಾಕೆ ಬೀಳಲಿಲ್ಲ?

ಬೀಳುತ್ತದೆ ಎಂದೇ ಆ ಮೇ ತಿಂಗಳಲ್ಲಿ ಬಹುತೇಕ ಎಲ್ಲರೂ ಅಂದುಕೊಂಡಿದ್ದರು. ಸೇನೆ ಪಳ್ಳೈಯನ್ನೂ ಬಿಟ್ಟಿತ್ತು. ಹುಲಿಗಳು ಹಿನ್ನೀರು ದಾಟಿ ಪರ್ಯಾಯದ್ವೀಪದ ತೆನ್ಮರಾಚ್ಚಿ ಭಾಗಕ್ಕೆ ನುಗ್ಗಿ ಚಾವಕಚ್ಚೇರಿ ಪಟ್ಟಣ ಹಿಡಿದರು, ಅರಿಯಾಲೈ ಮತ್ತು ಕೊಲಂಬುತುರೈ ತನಕ ಬಂದರು. ಅದು ಜಾಫ್ನಾ ಪಟ್ಟಣದ ಅಂಚು. ಕಸಿದುಕೊಂಡ ಫಿರಂಗಿಗಳಿಂದ ಪಲಾಲಿ ವಿಮಾನಪಟ್ಟಿಯ ಮೇಲೆ ಗುಂಡು ಬೀಳತೊಡಗಿತು. ಪರ್ಯಾಯದ್ವೀಪದೊಳಗೆ ಮೂವತ್ತು ಸಾವಿರಕ್ಕೂ ಹೆಚ್ಚು ಸೈನಿಕರು ಸಿಕ್ಕಿಬಿದ್ದಿದ್ದರು. ಸರ್ಕಾರ ದೇಶವನ್ನು ಯುದ್ಧಸ್ಥಿತಿಗೆ ತಂದು ಪತ್ರಿಕೆಗಳಿಗೆ ಸೆನ್ಸಾರ್ ಹಾಕಿತು. ‘ನಿಮ್ಮ ಸೈನಿಕರು ಸುರಕ್ಷಿತವಾಗಿ ಹೊರಟುಹೋಗಲಿ, ತಾತ್ಕಾಲಿಕ ಕದನವಿರಾಮ ಕೊಡುತ್ತೇವೆ’ ಎಂದು ಹುಲಿಗಳು ಮುಂದಿಟ್ಟ ಪ್ರಸ್ತಾವವನ್ನು ಕೊಲಂಬೊ ತಳ್ಳಿಹಾಕಿತು.

ದೆಹಲಿಯತ್ತಲೂ ಕೈಚಾಚಿತು. ಸೇನೆ ಕಳಿಸುವ ಮಾತಿಲ್ಲ, ಮಾನವೀಯ ನೆರವಾದರೆ ನೋಡೋಣ ಎಂದು ವಾಜಪೇಯಿ ಸರ್ಕಾರ ಹೇಳಿತು. ನಿಮ್ಮ ತಂದೆಯವರಿಗೆ ಇದರ ಹಿನ್ನೆಲೆ ಬಿಡಿಸಿ ಹೇಳಬೇಕಿಲ್ಲ. 1987ರಿಂದ 1990ರವರೆಗೆ ಸಾವಿರದ ನೂರಕ್ಕೂ ಹೆಚ್ಚು ಭಾರತೀಯ ಯೋಧರನ್ನು ಆ ದ್ವೀಪದಲ್ಲಿ ಕಳೆದುಕೊಂಡಿದ್ದೆವು. ನಂತರ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿ ಹತ್ಯೆ. ಅದರ ಸೂತ್ರಧಾರ ಶಿವರಾಸನ್ ಮತ್ತು ಸಂಗಡಿಗರು 1991ರ ಆಗಸ್ಟ್‌ನಲ್ಲಿ ಸತ್ತು ಸಿಕ್ಕಿದ್ದು ನಮ್ಮ ಬೆಂಗಳೂರಿನ ಕೋಣನಕುಂಟೆಯ ಮನೆಯೊಂದರಲ್ಲಿ. ಹುಲಿಗಳ ಪರವಾಗಿ ಹೋಗುವುದು ಸಾಧ್ಯವಿರಲಿಲ್ಲ, ಮತ್ತೊಮ್ಮೆ ಅವರ ವಿರುದ್ಧ ಕಾದಾಡುವ ಮನಸ್ಸೂ ಇರಲಿಲ್ಲ.

ಜಾಫ್ನಾ ಉಳಿದುಕೊಂಡದ್ದಕ್ಕೆ ‘ಭಾರತದ ಒಳಗುಟ್ಟಿನ ಒತ್ತಡ’ ಕಾರಣ ಎನ್ನುವ ಕಥೆ ತಮಿಳು ವಲಯದಲ್ಲಿ ಬಹಳ ಓಡಾಡುತ್ತದೆ. ನನ್ನ ದೃಷ್ಟಿಯಲ್ಲಿ ಕಾರಣಗಳು ನೆಲದ ಮೇಲೇ ಸಿಗುತ್ತವೆ, ಗುಟ್ಟಿಗೆ ಹೋಗಬೇಕಿಲ್ಲ.

ಒಂದು, ಸೇನೆಗೆ ಈಗ ಕಾಯಲು ಉದ್ದದ ಹಗ್ಗ ಇರಲಿಲ್ಲ. ವನ್ನಿಯಲ್ಲಿ ಹತ್ತಾರು ಕಿಲೋಮೀಟರ್ ಕಾಡಿನ ಮಗ್ಗುಲು ಕಾಯಬೇಕಿತ್ತು. ಇಲ್ಲಿ ಪೂರ್ವದ ನಾಗರ್‌ಕೋವಿಲ್‌ನಿಂದ ಎಳುದುಮಟ್ಟುವಾಳ್ ಹಾದು ಪಶ್ಚಿಮದ ಕಿಳಾಲಿಯವರೆಗೆ ಹತ್ತು ಹನ್ನೆರಡು ಕಿಲೋಮೀಟರಿನ ಸಾಲು. ಎರಡೂ ತುದಿಯಲ್ಲಿ ನೀರು. ಸೋತ ಸೇನೆ ಕುಗ್ಗುತ್ತಾ ಕುಗ್ಗುತ್ತಾ ತನಗೇ ಗೊತ್ತಿಲ್ಲದಂತೆ ಕಾಯಲು ಸುಲಭವಾದ ಜಾಗಕ್ಕೆ ಬಂದುಬಿಟ್ಟಿತ್ತು. ಬಾವಿಗಳೂ ಈಗ ಅವರ ಬೆನ್ನ ಹಿಂದೆಯೇ ಇದ್ದವು.

ಇನ್ನೊಂದು, ನಾನು ಮೊದಲೇ ಹೇಳಿದ ಹಿತ್ತಿಲ ಬಾಗಿಲು. ತ್ರಿಂಕೋಮಲಿಯಿಂದ ಕಾಂಕೇಸನ್‌ತುರೈ ಬಂದರಿಗೆ ಹಡಗುಗಳು ಬರುತ್ತಲೇ ಇದ್ದವು. ಕಡಲ ಹುಲಿಗಳು, ಎಂದರೆ ಹುಲಿಗಳ ನೌಕಾಪಡೆ, ಕಾಟ ಕೊಟ್ಟರು, ಆದರೆ ಆ ದಾರಿಯನ್ನು ಎ-9ರ ಹಾಗೆ ಮುಚ್ಚಲು ಆಗಲಿಲ್ಲ. ರಸ್ತೆಗೆ ಅಡ್ಡ ಸಾವಿರದಿನ್ನೂರು ಜನ ಕೂರಬಹುದು. ಸಮುದ್ರಕ್ಕೆ ಅಡ್ಡ ಕೂರುವುದು ಹೇಗೆ?

ಆ ಹಡಗು, ವಿಮಾನಗಳಲ್ಲಿ ಬಂದದ್ದೇನು ಎನ್ನುವುದೂ ಮುಖ್ಯ. ಪಾಕಿಸ್ತಾನದಿಂದ ಹಿಡಿದು ಝೆಕ್ ಗಣರಾಜ್ಯದವರೆಗೆ ಎಲ್ಲಿ ಸಿಕ್ಕಿದರೆ ಅಲ್ಲಿಂದ ಸರ್ಕಾರ ಆಯುಧ ತರಿಸಿತು. ಇಸ್ರೇಲ್ ಜೊತೆ ಮುರಿದುಬಿದ್ದಿದ್ದ ರಾಜತಾಂತ್ರಿಕ ಸಂಬಂಧವನ್ನು ಅದೇ ಮೇ ತಿಂಗಳಲ್ಲಿ ಮತ್ತೆ ಕುದುರಿಸಿತು. ಉಕ್ರೇನ್‌ನಿಂದ ಮಿಗ್-27 ವಿಮಾನಗಳು ಬಂದವು. ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ್ದು ಬಹುನಳಿಗೆಯ ರಾಕೆಟ್ ಲಾಂಚರ್. ಝೆಕ್ ದೇಶದ ಆರ್‌ಎಂ-70 ಲಾರಿಯ ಬೆನ್ನ ಮೇಲೆ ನಲವತ್ತು ನಳಿಗೆ, ಅರ್ಧ ನಿಮಿಷದಲ್ಲಿ ನಲವತ್ತೂ ಖಾಲಿ. ಸಪೂರ ಕುತ್ತಿಗೆಯೊಳಗೆ ಒತ್ತೊತ್ತಾಗಿ ನುಗ್ಗಿ ಬರುವ ದಾಳಿಗಾರರಿಗೆ ಅದಕ್ಕಿಂತ ಕೆಟ್ಟದ್ದು ಬೇರೆ ಇಲ್ಲ. ದಳಪತಿಗಳೂ ಬದಲಾದರು. ಮೇಜರ್ ಜನರಲ್ ಜನಕ ಪೆರೇರ ಮತ್ತು ಶರತ್ ಫೊನ್ಸೇಕ ಅವರನ್ನು ಜಾಫ್ನಾಕ್ಕೆ ಕಳಿಸಿದ ಮೇಲೆ ಹಿಂದೆ ಸರಿಯುವುದು ನಿಂತಿತು.

ಮತ್ತೆ ಹುಲಿಗಳ ಬಳಿ ಜನ ಇರಲಿಲ್ಲ. ನವೆಂಬರ್‌ನಿಂದ ಮೇವರೆಗೆ ಏಳು ತಿಂಗಳು ಒಂದೇ ಸಮನೆ ಕಾದಾಡಿದ ಪಡೆ ಅದು. ಹದಿನೆಂಟು ತುಂಬದ ಹುಡುಗ ಹುಡುಗಿಯರನ್ನೂ ಮುಂಚೂಣಿಗೆ ತಳ್ಳುತ್ತಿದ್ದ ಸಂಘಟನೆ. ಅಂಥ ಪಡೆ ರಸ್ತೆ ಕಡಿಯಬಲ್ಲದು, ನೆಲೆ ಉರುಳಿಸಬಲ್ಲದು. ಮನೆ ಮನೆಗೆ, ಬೀದಿ ಬೀದಿಗೆ ಹೊಡೆದಾಡಿ ಒಂದು ಪಟ್ಟಣ ಹಿಡಿದು, ಹಿಡಿದದ್ದನ್ನು ಉಳಿಸಿಕೊಳ್ಳಲು ಬೇರೆ ಲೆಕ್ಕದ ಸಂಖ್ಯೆ ಬೇಕು.

ಇನ್ನು ಪ್ರತಿದಾಳಿ. ಸಿಂಹಳ ಸೇನೆಯ ಕಾರ್ಯಾಚರಣೆಗಳ ಹೆಸರು ನಮಗೆ ವಿಚಿತ್ರವಾಗಿ ಪರಿಚಿತ ಅನ್ನಿಸುತ್ತವೆ. ಜಾಫ್ನಾ ಹಿಡಿದ ಕಾರ್ಯಾಚರಣೆ ‘ರಿವಿರೆಸ’, ರವಿಯ ರಶ್ಮಿ. 2000ದ ಸೆಪ್ಟೆಂಬರ್ 3ರಂದು ಶುರುವಾದದ್ದು ‘ರಿವಿಕಿರಣ’. ಪಕ್ಕದ ಮನೆಯ ಹುಡುಗನ ಹೆಸರಿನಂತಿದೆ. ಅಕ್ಟೋಬರ್ 10ಕ್ಕೆ ಸಂಸತ್ ಚುನಾವಣೆ ಇತ್ತು, ಅದಕ್ಕೇ ಈ ಅವಸರ ಎಂದು ಆಗಲೇ ಟೀಕೆ ಬಂದಿತ್ತು. ಆ ಟೀಕೆಯಲ್ಲಿ ಹುರುಳಿದೆ. ಮೊದಲ ದಿನಗಳು ಸೇನೆಗೆ ದುಬಾರಿಯಾದವು. ಆದರೂ ತಿಂಗಳು ಮುಗಿಯುವ ಮೊದಲು ಚಾವಕಚ್ಚೇರಿ ಮತ್ತೆ ಅವರ ಕೈ ಸೇರಿತು. ಪಟ್ಟಣ ಅನ್ನಲು ಅಲ್ಲಿ ಏನೂ ಉಳಿದಿರಲಿಲ್ಲ. ಎರಡೂ ಕಡೆಯ ಗುಂಡಿಗೆ ಮಾರುಕಟ್ಟೆ, ಮನೆ, ಶಾಲೆ ಎಲ್ಲ ನೆಲಸಮವಾಗಿತ್ತು. ತೆನ್ಮರಾಚ್ಚಿಯ ಜನ, ಅವರಲ್ಲಿ ಬಹಳಷ್ಟು ಮಂದಿ 1995ರಲ್ಲೇ ಒಮ್ಮೆ ಮನೆ ಬಿಟ್ಟು ಓಡಿದ್ದವರು, ಮತ್ತೆ ಗಂಟು ಕಟ್ಟಿದ್ದರು. ನಂತರ ‘ಕಿನಿಹಿರ’ ಎಂಬ ಹೆಸರಿನಲ್ಲಿ ಒಂದರ ಹಿಂದೊಂದು ಸಣ್ಣ ಕಾರ್ಯಾಚರಣೆ. 2001ರ ಜನವರಿಯ ಹೊತ್ತಿಗೆ ಹುಲಿಗಳನ್ನು ಪರ್ಯಾಯದ್ವೀಪದ ಬಹುಭಾಗದಿಂದ ಕುತ್ತಿಗೆಯ ಕಡೆಗೆ ತಳ್ಳಿಯಾಗಿತ್ತು.

ಇದು ಯಾಕೆ ಗೆದ್ದಿತು? ಸಣ್ಣ ಸಣ್ಣ ತುತ್ತು, ಹರಡಿದ ನೆಲ, ಅಲ್ಲಲ್ಲಿ ತೆಳುವಾಗಿದ್ದ ಹುಲಿಗಳ ಸಾಲು. ಈಗ ಉದ್ದದ ಹಗ್ಗದ ಮೇಲೆ ನಿಂತವರು ಹುಲಿಗಳು.

ಆದರೆ ಗೆಲ್ಲುತ್ತಾ ಗೆಲ್ಲುತ್ತಾ ಸೇನೆ ಹುಲಿಗಳನ್ನು ಅದೇ ಸಪೂರ ಕುತ್ತಿಗೆಗೆ ತಳ್ಳಿತು. ಎಂದರೆ ಅವರಿಗೂ ಕಾಯಲು ಸುಲಭವಾದ ಜಾಗ ಮಾಡಿಕೊಟ್ಟಿತು. ಹೋದ ವರ್ಷ ಸೇನೆಗೆ ಸಿಕ್ಕ ಲಾಭ ಈ ವರ್ಷ ಹುಲಿಗಳಿಗೆ. 2000ದ ಡಿಸೆಂಬರ್ 24ರಂದು ಹುಲಿಗಳು ಏಕಪಕ್ಷೀಯ ಕದನವಿರಾಮ ಘೋಷಿಸಿ ತಿಂಗಳು ತಿಂಗಳಿಗೆ ಮುಂದುವರಿಸಿದರು. ಸರ್ಕಾರ ಅದನ್ನು ಒಪ್ಪಲಿಲ್ಲ. ಆ ನಾಲ್ಕು ತಿಂಗಳು ಎದುರು ಕಡೆ ಮೆತ್ತಗಾಗಿದೆ ಎಂದು ಸೇನೆಯ ಮೇಲಿನವರು ಎಣಿಸಿದರು. ಹುಲಿಗಳು ನೆಲಬಾಂಬು ಹೂಳುತ್ತಿದ್ದರು. ಯಾವ ಕಂದಕದ ಮೇಲೆ ಯಾವ ಕೋನದಲ್ಲಿ ಮಾರ್ಟರ್ ಹಾರಿಸಿದರೆ ಸರಿಯಾಗಿ ಬೀಳುತ್ತದೆ ಎಂದು ಮೊದಲೇ ಅಳೆದಿಟ್ಟುಕೊಂಡಿದ್ದರು.

ಏಪ್ರಿಲ್ 24ರಂದು ಕದನವಿರಾಮ ಮುಗಿಯಿತು. ಮರುದಿನ ನಸುಕಿಗೆ ಸೇನೆ ಹೊರಟಿತು. ಹೆಸರು ‘ಅಗ್ನಿಕೀಲ’. ಮೊದಲ ಗುರಿ ಪಳ್ಳೈ, ಹತ್ತು ಕಿಲೋಮೀಟರೂ ಇಲ್ಲ. ಅದರಾಚೆ ಆನೆಯಿರವು. ಮೊದಲ ಕಂದಕಗಳಿಗೆ ಇಳಿದಾಗ ಅವು ಹೆಚ್ಚುಕಡಿಮೆ ಖಾಲಿ. ಅನುಭವಸ್ಥ ಸಿಪಾಯಿಗೆ ಅದಕ್ಕಿಂತ ಭಯಂಕರವಾದ ದೃಶ್ಯ ಇನ್ನೊಂದಿಲ್ಲ. ಖಾಲಿ ಕಂದಕ ಎಂದರೆ ಒಳಗೆ ಬಾಂಬು ಇದೆ, ಮೇಲೆ ಮಾರ್ಟರ್ ಬರುತ್ತದೆ. ಎರಡೂ ಆಯಿತು. ಪಕ್ಕಕ್ಕೆ ಸರಿಯಲು ಜಾಗವಿಲ್ಲ, ಒಂದು ಪಕ್ಕ ಹಿನ್ನೀರು, ಇನ್ನೊಂದು ಪಕ್ಕ ನೆಲಬಾಂಬು. ಹಿಂದೆ ತಮ್ಮವರೇ ಒತ್ತಿಕೊಂಡು ಬರುತ್ತಿದ್ದಾರೆ. ನಾಲ್ಕನೇ ದಿನ ಹೊರಟಲ್ಲಿಗೇ ವಾಪಸಾದರು. ಗಾಯಾಳುಗಳು ಸಾವಿರಕ್ಕೂ ಮೀರಿ, ಅವರಲ್ಲಿ ಕಾಲು ಕಳೆದುಕೊಂಡವರು ಬಹಳ. ಪಲಾಲಿಯಿಂದ ಕೊಲಂಬೊಕ್ಕೆ ವಿಮಾನಗಳು ಅವರನ್ನು ಹೊತ್ತು ಓಡಾಡಿದವು.

ಅಗ್ನಿಕೀಲದ ಬಗ್ಗೆ ‘ಗುಪ್ತಚರ ವೈಫಲ್ಯ’ ಎಂದು ಬರೆಯುವುದು ವಾಡಿಕೆ. ನಾನು ಒಪ್ಪುವುದಿಲ್ಲ. ಆ ಕುತ್ತಿಗೆಯಲ್ಲಿ ನೇರವಾಗಿ ನುಗ್ಗಿದರೆ ಏನಾಗುತ್ತದೆ ಎಂದು 1991ರಲ್ಲಿ ಹುಲಿಗಳಿಗೆ ತೋರಿಸಿದ್ದು ಇದೇ ಸೇನೆ. 2000ದಲ್ಲಿ ರಾಕೆಟ್ ಹಾರಿಸಿ ಮತ್ತೊಮ್ಮೆ ತೋರಿಸಿದ್ದೂ ಇದೇ ಸೇನೆ. ತಿಳಿಯಬೇಕಾದದ್ದು ಶತ್ರುವಿನ ಗುಟ್ಟಾಗಿರಲಿಲ್ಲ.

ಮುಂದಿನದ್ದನ್ನು ಬೇಗ ಹೇಳಿಬಿಡುತ್ತೇನೆ. ಅದೇ 2001ರ ಜುಲೈ 24ರಂದು ಹುಲಿಗಳು ಕೊಲಂಬೊ ಬಳಿಯ ಕಟುನಾಯಕೆ ವಿಮಾನ ನಿಲ್ದಾಣಕ್ಕೆ ನುಗ್ಗಿ ಯುದ್ಧವಿಮಾನಗಳನ್ನೂ ಪ್ರಯಾಣಿಕ ವಿಮಾನಗಳನ್ನೂ ಸುಟ್ಟರು. ಸರ್ಕಾರ ಬದಲಾಯಿತು. ನಾರ್ವೆಯ ಮಧ್ಯಸ್ಥಿಕೆಯಲ್ಲಿ 2002ರ ಫೆಬ್ರವರಿ 22ರಂದು ಕದನವಿರಾಮಕ್ಕೆ ಸಹಿ ಬಿತ್ತು, ಎ-9ರಲ್ಲಿ ಬಸ್ಸು ಓಡಿತು. 2006ರ ಆಗಸ್ಟ್‌ನಲ್ಲಿ ಹುಲಿಗಳು ಕುತ್ತಿಗೆಯ ಉತ್ತರಕ್ಕೆ ಮುಹಮಾಲೈಯಲ್ಲಿದ್ದ ಸೇನೆಯ ಸಾಲಿಗೆ ನೇರವಾಗಿ ನುಗ್ಗಿ ಸೋತರು. ಅಕ್ಟೋಬರ್ 11ರಂದು ಸೇನೆ ಅದೇ ಸಾಲಿನಿಂದ ಎದುರಿಗೆ ನುಗ್ಗಿ ಕೆಲವೇ ಗಂಟೆಗಳಲ್ಲಿ ನೂರಕ್ಕೂ ಹೆಚ್ಚು ಜನರನ್ನು ಕಳೆದುಕೊಂಡಿತು.

ಕೊನೆಗೆ ಆನೆಯಿರವು ಸೇನೆಗೆ ಸಿಕ್ಕಿದ್ದು 2009ರ ಜನವರಿ 9ರಂದು, ಅದೂ ಹಿಂದಿನಿಂದ. ವನ್ನಿಯ ಪಶ್ಚಿಮ ತೀರ ಹಿಡಿದು ಸುತ್ತಿ ಬಂದ ಪಡೆಗಳು ಪರಂದನ್ ಮತ್ತು ಕಿಳಿನೊಚ್ಚಿಯನ್ನು ತೆಗೆದುಕೊಂಡ ಮೇಲೆ ಕುತ್ತಿಗೆಯಲ್ಲಿ ಕುಳಿತಿದ್ದ ಹುಲಿಗಳಿಗೆ ಅಲ್ಲಿರಲು ಅರ್ಥವೇ ಉಳಿಯಲಿಲ್ಲ, ಬಿಟ್ಟು ಸರಿದರು. ಅಲ್ಲಿಂದ ಮೇ ತಿಂಗಳವರೆಗೆ ಮುಲ್ಲೈತೀವಿನ ಮರಳಿನಲ್ಲಿ ಸಾಮಾನ್ಯ ಜನರಿಗೆ ಆದದ್ದು ಬೇರೆಯೇ ವಿಷಯ. ವಿಶ್ವಸಂಸ್ಥೆಯ ತಜ್ಞರ ಸಮಿತಿ ಸತ್ತವರು 40,000ದವರೆಗೆ ಇರಬಹುದು ಎಂದಿತು. ಅದಕ್ಕೆ ಇದೇ ಉತ್ತರದ ಕೊನೆಯಲ್ಲಿ ಎರಡು ಸಾಲು ಸೇರಿಸಿ ಮುಗಿಸಲಾರೆ, ಮತ್ತೊಮ್ಮೆ ಕೇಳಿ.

ಹೋಗಿ ನೋಡಬಹುದೇ ಎಂದಿದ್ದೀರಿ. ಖಂಡಿತ. 2014ರಿಂದ ರೈಲು ಮತ್ತೆ ಜಾಫ್ನಾದವರೆಗೆ ಹೋಗುತ್ತದೆ, ಬಸ್ಸೂ ಇದೆ. ನಾನು ಬಸ್ಸಿನಲ್ಲಿ ಹೋಗಿದ್ದೆ. ಆನೆಯಿರವಿನ ರಸ್ತೆ ಪಕ್ಕದಲ್ಲಿ 1991ರ ಆ ಬುಲ್ಡೋಜರ್ ಇನ್ನೂ ನಿಂತಿದೆ. ಫೋಟೋದಲ್ಲಿ ದೈತ್ಯನಂತೆ ಕಾಣುತ್ತದೆ, ಹತ್ತಿರ ಹೋದರೆ ಊರ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡಿಸಿದ ತಗಡಿನ ಪೆಟ್ಟಿಗೆ, ತುಕ್ಕು ಹಿಡಿದಿದೆ. ದಕ್ಷಿಣದಿಂದ ಬಂದ ಸಿಂಹಳ ಕುಟುಂಬಗಳು ಅದರ ಮುಂದೆ ನಿಂತು ಕುಲರತ್ನೆಗೆ ಕೈಮುಗಿಯುತ್ತಿದ್ದವು. ಬಸ್ಸಿನಲ್ಲಿದ್ದ ತಮಿಳು ಹೆಂಗಸರು ಕಿಟಕಿಯಿಂದ ಆ ಕಡೆ ತಿರುಗಿ ನೋಡಲೂ ಇಲ್ಲ. ಎರಡೂ ಪಕ್ಕ ಉಪ್ಪಿನ ಬಯಲು ಕಣ್ಣು ಕುಕ್ಕುತ್ತದೆ.

ತಂದೆಯವರನ್ನು ಕರೆದುಕೊಂಡು ಹೋಗುವುದಾದರೆ ಜೂನ್, ಜುಲೈ ಬಿಟ್ಟು ಜನವರಿ, ಫೆಬ್ರವರಿಯಲ್ಲಿ ಹೋಗಿ, ಬಿಸಿಲು ತಡೆಯಬಹುದು. ಉತ್ತರಕ್ಕೆ ಮುಹಮಾಲೈ ದಾಟುವಾಗ ರಸ್ತೆಯ ಬದಿಗೆ ತಲೆ ಹಾರಿದ ತಾಳೆಮರಗಳು ಕಂಡಾವು. ಜಗತ್ತಿನಲ್ಲೇ ಅತಿ ಒತ್ತಾಗಿ ನೆಲಬಾಂಬು ಹೂತ ಜಾಗಗಳಲ್ಲಿ ಅದೊಂದು, ತೆಗೆಯುವ ಕೆಲಸ ವರ್ಷಗಟ್ಟಲೆ ನಡೆದಿದೆ. ತಲೆಬುರುಡೆ ಗುರುತಿನ ಕೆಂಪು ಫಲಕ ಇರುವಲ್ಲಿ ಫೋಟೋಕ್ಕೆಂದೂ ಡಾಂಬರು ಬಿಟ್ಟು ಕೆಳಗಿಳಿಯಬೇಡಿ.